ಅಣ್ಣನ ಎತ್ತು, ನನ್ನ ತೋಪು

"ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ" ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅಷ್ಟು ತಣ್ಣಗಿನ ಹೊಟ್ಟೆ ಅವರಿಗೆ ಎಲ್ಲಿ ಸಿಕ್ಕಿತು? ನನ್ನ ಹೊಟ್ಟೆ ಹುಟ್ಟುವಾಗಲೇ ಒಲೆ ಹಚ್ಚಿಕೊಂಡು ಬಂದದ್ದು. ಎದುರು ಮನೆಯವರ ನುಗ್ಗೆ ಗಿಡ ನಮ್ಮದಕ್ಕಿಂತ ಮೊದಲು ಹೂ ಬಿಟ್ಟರೆ ಅಂದು ನನಗೆ ಊಟ ಸೇರುವುದಿಲ್ಲ. ನನ್ನ ಜೊತೆಗೇ ನಿವೃತ್ತರಾದ ಮಾಸ್ತರೊಬ್ಬರ ಕನ್ನಡಕದ ನಂಬರು ನನ್ನದಕ್ಕಿಂತ ಕಡಿಮೆ ಎಂದು ಗೊತ್ತಾದ ಮೇಲೆ ಕೆಲವು ದಿನ ಕನ್ನಡಕವನ್ನೇ ಬಿಟ್ಟು ಓಡಾಡಿ, ಕೊನೆಗೆ ಯಾರದೋ ಮನೆಯ ಕಟ್ಟೆ ಹತ್ತಿ ಕುಳಿತು, ನನ್ನ ಮನೆಯೆಂದೇ ತಿಳಿದು ಚಹಾ ತಾ ಎಂದು ಕೂಗಿದ್ದೇನೆ. ಡಾಕ್ಟರು ಇದಕ್ಕೆಲ್ಲ ಪಿತ್ತ ಎಂದು ಹೆಸರಿಟ್ಟು ಗುಳಿಗೆ ಬರೆದುಕೊಡುತ್ತಾರೆ. ನನ್ನ ಹೆಂಡತಿ ಆ ಗುಳಿಗೆಯನ್ನು ಅಂಗೈಯಲ್ಲಿಡುವಾಗ, "ಇದು ಪಿತ್ತಕ್ಕ ಐತ್ರಿ, ನಿಮ್ಮ ರೋಗಕ್ಕಲ್ಲ" ಎಂದು ಹೇಳಿಯೇ ನೀರು ಕೊಡುತ್ತಾಳೆ.

ಈ ಒಲೆಗೆ ಮೊದಲ ಕಟ್ಟಿಗೆ ಇಟ್ಟವನು ನನ್ನ ಅಣ್ಣ ಸಿದ್ರಾಮಪ್ಪ. ನಮ್ಮದು ಸಿಂದಗಿ ಹತ್ತಿರದ ಒಕ್ಕಲುತನದ ಮನೆ. ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಕೆರೆಯ ಜಿಗಿಮಣ್ಣು ತಂದು ಎತ್ತು ಮಾಡಿ, ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಾರೆ. ನಡೆಯಲು ಕಲಿತ ಮಗು ಮಾತು ಕಲಿಯುವ ಮೊದಲೇ ಮಣ್ಣಿನಲ್ಲಿ ಎತ್ತು ಮಾಡಲು ಕಲಿಯುತ್ತದೆ. ಅಣ್ಣ ಮಾಡಿದ ಎತ್ತಿಗೆ ಡುಬ್ಬ, ಗಂಗೆದೊಗಲು, ಕೋಡಿನ ಬಾಗು ಎಲ್ಲ ಇರುತ್ತಿದ್ದವು. ನಾನು ಮಾಡಿದ್ದನ್ನು ಅವ್ವ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಮುಖ ಯಾವ ಕಡೆ ಎಂದು ಕೇಳುತ್ತಿದ್ದಳು. ಅಣ್ಣನ ಎತ್ತು ಜಗಲಿಯ ನಡುವೆ, ನನ್ನದು ಎಣ್ಣೆಯ ಗಿಂಡಿಯ ಹಿಂದೆ. ಪೂಜೆ ತನಗೂ ಸಂದಿತೋ ಇಲ್ಲವೋ ಎಂದು ಆ ಪ್ರಾಣಿಗೂ ಗೊತ್ತಾಗುತ್ತಿರಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಅಣ್ಣ ದೊಡ್ಡವನಾಗಿ ಕಟ್ಟಿದ ಖಿಲಾರಿ ಎತ್ತಿನ ಜೋಡಿಗೆ ತಾಲೂಕಿನ ದನಗಳ ಪ್ರದರ್ಶನದಲ್ಲಿ ಬಹುಮಾನ ಬಂತು. ಯಾರೋ ಪುಣ್ಯಾತ್ಮ ಫೋಟೋ ತೆಗೆದ. ಎರಡು ಎತ್ತಿನ ನಡುವೆ ಅಣ್ಣ, ಆ ಕಡೆಯದರ ಮೇಲೊಂದು ಕೈ, ಈ ಕಡೆಯದರ ಮೇಲೊಂದು ಕೈ. ಅದಕ್ಕೆ ಚೌಕಟ್ಟು ಹಾಕಿಸಿ ಅಪ್ಪ ಪಡಸಾಲೆಯ ಬಾಗಿಲ ಮೇಲೆ ತೂಗುಹಾಕಿದ. ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ ಫೋಟೋ. ಹಬ್ಬ ಬಂದರೆ ಅವ್ವ ಮಣೆಯ ಮೇಲೆ ನಿಂತು ಗಾಜಿನ ಮೇಲಿಂದಲೇ ಎರಡೂ ಎತ್ತಿನ ಹಣೆಗೆ ಕುಂಕುಮ ಹಚ್ಚಿ, ಬೆರಳಿನಲ್ಲಿ ಉಳಿದದ್ದನ್ನು ಅಣ್ಣನ ಹಣೆಗೆ ಒರೆಸಿ ಇಳಿಯುತ್ತಿದ್ದಳು. ಬೀಗರು ನಂಟರು ಬಂದರೆ ಅಪ್ಪ ಮೊದಲು ಫೋಟೋ ತೋರಿಸಿ, ಇವು ನಮ್ಮ ಎತ್ತು, ಇಂವ ನಮ್ಮ ಹಿರ್ಯಾ ಎಂದು ಹೇಳಿ, ಕೆಳಗೆ ನಿಂತ ನನ್ನನ್ನು ಕಂಡು ನೆನಪಾದವನಂತೆ, ಇದೊಂದು ಸಣ್ಣದೈತಿ ಎಂದು ಸೇರಿಸುತ್ತಿದ್ದ. ನನ್ನದೂ ಒಂದು ಫೋಟೋ ತೆಗೆಸು ಎಂದು ಒಮ್ಮೆ ಬಾಯಿ ಬಿಟ್ಟು ಕೇಳಿದೆ. "ಬರೇ ಮಾರಿಗೆ ಯಾಕಲೇ ಫೋಟೋ? ಕನ್ನಡ್ಯಾಗ ನೋಡ್ಕೋ ಹೋಗು. ಕೈ ಇಡಾಕ ಏನರ ಇರಬೇಕು" ಎಂದ. ಅಂದೇ ನನ್ನ ಬಾಳಿನ ಗುರಿ ನಿಶ್ಚಯವಾಯಿತು. ಆ ಬಾಗಿಲ ಮೇಲೆ, ಅಣ್ಣನ ಫೋಟೋದ ಪಕ್ಕಕ್ಕೆ, ನನ್ನ ಫೋಟೋ ತೂಗಬೇಕು. ಅದರಲ್ಲಿ ನಾನು ಎತ್ತಿಗಿಂತ ದೊಡ್ಡದೊಂದರ ಮೇಲೆ ಕೈ ಇಟ್ಟಿರಬೇಕು. ಎತ್ತಿಗಿಂತ ದೊಡ್ಡದು ನಮ್ಮೂರಲ್ಲಿ ಎಮ್ಮೆ ಬಿಟ್ಟರೆ ಬೇರೆ ಇರಲಿಲ್ಲವಾದ್ದರಿಂದ ಕಾಯುತ್ತ ಕುಳಿತೆ.

ಐವತ್ತರ ದಶಕದ ಕೊನೆಗೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿಕೊಂಡು, ಮಾಸ್ತರಿಕೆಯ ಟ್ರೇನಿಂಗಿಗೆಂದು ಇಂಡಿಗೆ ಹೋದೆ. ಆಗ ಮೂಲಶಿಕ್ಷಣದ ಕಾಲ. ಯಾವ ಪಾಠವಾದರೂ ಒಂದು ಕೈಕೆಲಸದಿಂದಲೇ ಹುಟ್ಟಬೇಕು. ಅದಕ್ಕೆ ಸಮವಾಯ ಪದ್ಧತಿ ಎಂದು ಹೆಸರು. ತಕಲಿಯಲ್ಲಿ ನೂಲುತ್ತ ಲೆಕ್ಕ ಕಲಿಸಬೇಕು, ಹತ್ತಿ ಬಿಡಿಸುತ್ತ ಭೂಗೋಳ ಕಲಿಸಬೇಕು, ಕಸ ಗುಡಿಸುತ್ತ ನೀತಿ ಕಲಿಸಬೇಕು. ವರ್ಷದ ಕೊನೆಗೆ ಒಂದು ಪ್ರದರ್ಶನ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ವಸ್ತು ಮಾಡಿ ಅದರ ಇತಿಹಾಸ ಹೇಳುವ ಕೆಲಸ ಕೊಟ್ಟರು. ಇತಿಹಾಸದ ದೇಸಾಯಿ ಮಾಸ್ತರು ನಮ್ಮ ಗುಂಪಿಗೆ ಕೊಟ್ಟದ್ದು ತೋಪು. ವಿಜಾಪುರದ ಕೋಟೆಯ ಮೇಲಿರುವ ಮುಲ್ಕ ಮೈದಾನ ತೋಪಿನ ಮಾದರಿ ಕಟ್ಟಿ, ತೋಪುಗಳ ಇತಿಹಾಸವನ್ನೆಲ್ಲ ಹೇಳಬೇಕು. ಖಾದಿ ತೊಡುವ ಮುಖ್ಯಾಧ್ಯಾಪಕರಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಅಹಿಂಸೆ ಕಲಿಸುವ ಕಡೆ ತೋಪು ಯಾಕೆಂದು ಎರಡು ದಿನ ವಾದ ನಡೆದು, ಕೊನೆಗೆ ತೋಪಿನ ಕೊರಳಿಗೆ ನಾವೇ ನೂತ ನೂಲಿನ ಹಾರ ಹಾಕಿ ಶಾಂತಿ ಸಾರುವುದೆಂದು ರಾಜಿಯಾಯಿತು. ಈ ನೂಲಿನ ಹಾರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನನ್ನ ಕೊರಳಿಗೆ ಸುತ್ತಿಕೊಂಡದ್ದು ಅದೇ.

ಗುಂಪಿಗೆ ತಾಲೂಕಿಗೊಬ್ಬರಂತೆ ಆರಿಸಿದ್ದರು. ಇಂಡಿ ತಾಲೂಕಿನ ಹೊರ್ತಿಯಿಂದ ಚನಮಲ್ಲ. ಬಡಿಗತನ ಬಲ್ಲವನು, ಅವನಿಗೆ ಗಾಲಿ ಮತ್ತು ಗಾಡಿಯ ಕೆಲಸ. ಮುದ್ದೇಬಿಹಾಳದ ಕಡೆಯಿಂದ ಮೈಬೂಬ. ಅವನಿಗೆ ಅಳತೆ ಮತ್ತು ಗುಂಡಿನ ಕೆಲಸ. ಬಾಗೇವಾಡಿ ತಾಲೂಕಿನ ಇಂಗಳೇಶ್ವರದಿಂದ ಗುರುಲಿಂಗ. ಅವನಿಗೆ ತೋಪಿನ ಕೊಳವೆ ಮತ್ತು ಅದರ ಬಾಯಿಯಲ್ಲಿರುವ ಸಿಂಹದ ತಲೆ. ಸಿಂದಗಿಯ ನಾನು ಉಳಿದೆ. ದೇಸಾಯಿ ಮಾಸ್ತರು ನನ್ನ ಕೈಗಳನ್ನು ಒಮ್ಮೆ ನೋಡಿ, "ಶಿವಪುತ್ರ, ನಿನ್ನ ಅಕ್ಷರ ದುಂಡಗ ಅದಾವು. ನೀ ಇತಿಹಾಸ ಬರಿ" ಎಂದರು. ಕೈಯಿಂದ ಏನೂ ಆಗದವನಿಗೆ ಇತಿಹಾಸ ಕೊಡುತ್ತಾರೆಂಬ ಸತ್ಯ ನನಗೆ ಅಂದು ಹೊಳೆಯಿತು.

ಅದೇ ದಿನ ಇನ್ನೊಂದು ಸುದ್ದಿಯೂ ಬಂತು. ಪ್ರದರ್ಶನ ನೋಡಲು ವಿಜಾಪುರದಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರೆ, ಜೊತೆಗೆ ಫೋಟೋದವನನ್ನೂ ಕರೆತರುತ್ತಾರೆ. ಮೊದಲ ನಂಬರು ಬಂದ ಗುಂಪಿನ ಫೋಟೋ ಮಾತ್ರ ತೆಗೆಯುತ್ತಾರೆ, ಅದೂ ಒಂದೇ ಒಂದು. ಗುಂಪಿನ ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ. ವಸ್ತುವನ್ನು ಮುಖ್ಯವಾಗಿ ಯಾರು ಮಾಡಿದ್ದಾರೋ ಅವರು ಅದರ ಮೇಲೆ ಕೈ ಇಟ್ಟು ನಿಲ್ಲಬೇಕು, ಉಳಿದವರು ಅಕ್ಕಪಕ್ಕ. ನನ್ನ ಕಣ್ಣ ಮುಂದೆ ನಮ್ಮ ಪಡಸಾಲೆಯ ಬಾಗಿಲು ಬಂದು ನಿಂತಿತು. ತೋಪಿನ ಮೇಲೆ ಕೈ! ಎತ್ತು ಸಾವಿರವಿರಲಿ, ತೋಪಿನ ಮುಂದೆ ಯಾವ ಎತ್ತು ನಿಂತೀತು? ಆದರೆ ಆ ಕೈ ಗುರುಲಿಂಗನದಾಗುತ್ತದೆ ಎಂಬುದು ಮರುಕ್ಷಣವೇ ತಿಳಿದು ಬಾಯಿ ಕಹಿಯಾಯಿತು.

ಗುರುಲಿಂಗನ ಬಗ್ಗೆ ಎರಡು ಮಾತು ಹೇಳಲೇಬೇಕು, ಒಳ್ಳೆಯ ಮಾತು ಹೇಳಲು ನನಗೆ ಎಷ್ಟೇ ಸಂಕಟವಾದರೂ. ಎತ್ತರದ ಆಳು, ಮೆಲ್ಲಗಿನ ಮಾತು. ಊಟದ ಮನೆಯ ನೀಲವ್ವ ನಮಗೆಲ್ಲ ರೊಟ್ಟಿ ಎಣಿಸಿ ಹಾಕುವವಳು ಅವನ ತಾಟಿನ ಮುಂದೆ ಎಣಿಕೆ ಮರೆಯುತ್ತಿದ್ದಳು. ಮಾಸ್ತರರು ನಮ್ಮನ್ನು ಹೆಚ್ಚಾಗಿ ಊರಿನ ಹೆಸರು ಹಿಡಿದು ಏ ಸಿಂದಗಿ, ಏ ಹೊರ್ತಿ ಎಂದು ಕರೆದರೆ, ಅವನನ್ನು ಮಾತ್ರ ಹೆತ್ತ ಮಗನನ್ನು ಕರೆದಂತೆ ಗುರುಲಿಂಗಾ ಎನ್ನುತ್ತಿದ್ದರು. ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ನಾನು ಅವನ ಮೇಲೆ ಇಷ್ಟು ಹೊಟ್ಟೆಕಿಚ್ಚು ಪಡುತ್ತಿದ್ದೇನೆಂಬುದು ಅವನ ಗಮನಕ್ಕೇ ಬರುತ್ತಿರಲಿಲ್ಲ. ನಾನು ಮುಖ ಗಂಟು ಹಾಕಿಕೊಂಡು ಕುಳಿತರೆ, ತಲೆನೋವೇನಣ್ಣ ಎಂದು ಕೇಳಿ ತನ್ನ ಪಾಲಿನ ಮಜ್ಜಿಗೆಯನ್ನೂ ನನಗೇ ಸುರಿದು ಹೋಗುತ್ತಿದ್ದ. ಆ ಮಜ್ಜಿಗೆ ನನ್ನ ಹೊಟ್ಟೆಯಲ್ಲಿ ಎಣ್ಣೆಯ ಕೆಲಸ ಮಾಡುತ್ತಿತ್ತು.

ಅಳತೆಗೆಂದು ನಾಲ್ವರೂ ಬಸ್ಸು ಹತ್ತಿ ವಿಜಾಪುರಕ್ಕೆ ಹೋದೆವು. ಬುರುಜಿನ ಮೇಲೆ ಆ ತೋಪು ಬಿಸಿಲಿಗೆ ಮೈ ಚಾಚಿ ಮಲಗಿತ್ತು. ಅದರ ಬಾಯಿ ಎಂದರೆ ಸಿಂಹದ ಬಾಯಿ, ಆ ಸಿಂಹದ ಹಲ್ಲಿಗೆ ಸಿಕ್ಕಿ ಆನೆ ಒದ್ದಾಡುತ್ತಿದೆ. ಮೈಬೂಬ ಹಗ್ಗ ಹಿಡಿದು ಅಳೆದ, ಚನಮಲ್ಲ ಅದರ ಕೆಳಗೆ ನುಸುಳಿ ನೆರಳಿನಲ್ಲಿ ಮಲಗಿದ, ಗುರುಲಿಂಗ ಸಿಂಹದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಚಿತ್ರ ಬರೆದುಕೊಂಡ. ನಾನು ತೋಪು ನೋಡಲು ಬಂದಿದ್ದ ಒಂದು ಸಂಸಾರವನ್ನು ಹಿಡಿದು ನಿಲ್ಲಿಸಿ, ಚೀನಾ ದೇಶದಲ್ಲಿ ಸಿಡಿಮದ್ದು ಹುಟ್ಟಿದ್ದರಿಂದ ಆರಂಭಿಸಿದೆ. ಮದ್ದು ಇನ್ನೂ ಸಮುದ್ರ ದಾಟಿರಲಿಲ್ಲ, ಅಷ್ಟರಲ್ಲಿ ಆ ಸಂಸಾರ ಎದ್ದು ಹೋಗಿ ಗುರುಲಿಂಗನ ಬೆನ್ನ ಹಿಂದೆ ನಿಂತು ಚಿತ್ರ ನೋಡತೊಡಗಿತ್ತು. ಅವರ ಮನೆಯ ಮುದುಕನೊಬ್ಬ ಮಾತ್ರ ನನ್ನ ಬಳಿ ಉಳಿದ. ಅವನಿಗೆ ಮಂಡಿನೋವು, ಏಳಲು ಆಗಿರಲಿಲ್ಲ.

ನನ್ನ ಇತಿಹಾಸವನ್ನು ನಾನು ಶ್ರದ್ಧೆಯಿಂದಲೇ ಬರೆದೆ. ಈ ತೋಪನ್ನು ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ಅಲ್ಲಿಂದ ವಿಜಾಪುರಕ್ಕೆ ತಂದದ್ದು, ಹಾರಿಸಿದಾಗ ಸದ್ದಿಗೆ ಕಿವಿ ಹೋಗಬಾರದೆಂದು ಮದ್ದಿಗೆ ಕಿಡಿ ಹಚ್ಚುವ ಗೋಲಂದಾಜ ಪಕ್ಕದ ತೊಟ್ಟಿಯ ನೀರಿನಲ್ಲಿ ಮುಳುಗುತ್ತಿದ್ದನಂತೆ ಎಂಬುದು, ಎಲ್ಲವನ್ನೂ ಸೇರಿಸಿದೆ. ಅದನ್ನು ಅಷ್ಟು ದೂರದಿಂದ ಆನೆಗಳೂ ನೂರಾರು ಎತ್ತುಗಳೂ ಎಳೆದು ತಂದವು ಎಂದು ಜನ ಹೇಳುತ್ತಾರೆ. ಆನೆಯನ್ನು ಇಟ್ಟುಕೊಂಡೆ, ಎತ್ತಿನ ಸಾಲನ್ನು ಹೊಡೆದುಹಾಕಿದೆ. ನಮ್ಮ ಮನೆಯ ಬಾಗಿಲ ಮೇಲೆ ಇರುವಷ್ಟು ಎತ್ತು ನನಗೆ ಸಾಕಾಗಿತ್ತು; ನನ್ನ ಇತಿಹಾಸದಲ್ಲಾದರೂ ಅವು ಬರುವುದು ಬೇಡ.

ಇತ್ತ ತೋಪು ಏಳುತ್ತಿತ್ತು. ಜೋಳದ ದಂಟನ್ನು ಹೊರೆಯಾಗಿ ಬಿಗಿದು ಕಟ್ಟಿ, ಅದರ ಮೇಲೆ ಹೊಟ್ಟು ಕಲಸಿದ ಮಣ್ಣು ಮೆತ್ತಿ ಗುರುಲಿಂಗ ಕೊಳವೆ ಮಾಡಿದ. ಚನಮಲ್ಲನ ಗಾಲಿಗಳು ಬಂದವು. ಮೈಬೂಬ ತನ್ನೂರಿಂದ ಕಲ್ಲಿನ ಗುಂಡೊಂದನ್ನು ಹೊತ್ತು ತಂದ. ಅವನ ಊರು ರಕ್ಕಸಗಿ ತಂಗಡಗಿಯ ಆಸುಪಾಸು. ನಾಲ್ಕು ನೂರು ವರ್ಷದ ಹಿಂದೆ ಅಲ್ಲಿ ನಡೆದ ದೊಡ್ಡ ಯುದ್ಧದ ಕಾಲದ್ದೆಂದು ಅವನ ಮನೆಯವರು ನಂಬಿದ್ದ ಆ ಗುಂಡಿನಿಂದ ಅವನ ತಾಯಿ ಬಾಗಿಲು ಗಾಳಿಗೆ ಬಡಿಯದಂತೆ ತಡೆ ಇಡುತ್ತಿದ್ದಳಂತೆ. ಪ್ರದರ್ಶನ ಮುಗಿದ ದಿನವೇ ಅದು ವಾಪಸು ಬರಬೇಕು, ಇಲ್ಲವಾದರೆ ನೀನೂ ಬರಬೇಡ ಎಂದು ಹೇಳಿ ಕಳಿಸಿದ್ದಳು. ಸಿಂಹದ ತಲೆಯನ್ನು ಮಾತ್ರ ಗುರುಲಿಂಗ ಯಾರಿಗೂ ತೋರಿಸುತ್ತಿರಲಿಲ್ಲ. ಮಣ್ಣು ಒಣಗಿ ಸೀಳಬಾರದೆಂದು ಒದ್ದೆ ಗೋಣಿತಟ್ಟು ಮುಚ್ಚಿ, ಅದರೊಳಗೇ ಕೈ ಹಾಕಿ ತಿದ್ದುತ್ತಿದ್ದ. ದೇಸಾಯಿ ಮಾಸ್ತರು ದಿನಾ ಬಂದು ಗೋಣಿತಟ್ಟನ್ನೇ ಮೆಚ್ಚಿಕೊಂಡು ಹೋಗುತ್ತಿದ್ದರು. ನಾನು ಬರೆದ ಹಾಳೆಗಳನ್ನು ತೋರಿಸಲು ಹೋದರೆ, ಎರಡು ಮಿನಿಟಿಗಿಂತ ಹೆಚ್ಚು ಆಗಬಾರದು ನೋಡು ಎಂದಷ್ಟೇ ಹೇಳುತ್ತಿದ್ದರು.

ಸಾಹೇಬರು ಬರುವ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ನಾನು ಹೊಟ್ಟೆ ತುಂಬಿದೆ ಎಂದು ಸುಳ್ಳು ಹೇಳಿ ಹಿಂದುಳಿದೆ. ಗೋಣಿತಟ್ಟನ್ನು ಮೆಲ್ಲಗೆ ಎತ್ತಿ ನೋಡಿದವನು ಅಲ್ಲೇ ನಿಂತುಬಿಟ್ಟೆ. ಸಿಂಹದ ಕಿವಿಗಳು ಮೇಲೆದ್ದು ಬಾಗಿ ಕೋಡುಗಳಾಗಿದ್ದವು. ಹಣೆ ಅಗಲವಾಗಿ, ನಡುವೆ ಒಂದು ಸುಳಿಯೂ ಇತ್ತು. ಕಣ್ಣಲ್ಲಿ ಸಿಟ್ಟಿನ ಸುಳಿವಿಲ್ಲ. ಹೊಲದಿಂದ ಬಂದು ದಣಿದು ನಿಂತ ನೋಟ. ಹಲ್ಲಿಗೆ ಸಿಕ್ಕ ಆನೆಯ ಸೊಂಡಿಲು ಬಾಯಿಂದ ಇಳಿಬಿದ್ದು, ಒಣಮೇವಿನ ಕಣಿಕಿಯ ಸಿವುಡು ಕಚ್ಚಿದ ಹಾಗೆ ಕಾಣುತ್ತಿತ್ತು. ಅದು ಎತ್ತು, ಸಂಶಯವೇ ಇಲ್ಲ. ಅದೂ ಎಂಥ ಎತ್ತು! ನಮ್ಮ ಅಣ್ಣನೂ ಅಂಥದ್ದು ಮಾಡಿರಲಿಲ್ಲ. ಹುಟ್ಟಿದಂದಿನಿಂದ ವರ್ಷವರ್ಷವೂ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈ. ಮುಂದೆ ಮಣ್ಣು, ಮನಸ್ಸಿನಲ್ಲಿ ಸಿಂಹ. ಸಿಂಹವನ್ನು ಅವನು ನಾಣ್ಯದ ಮೇಲೆ ಬಿಟ್ಟರೆ ಆ ಬುರುಜಿನ ಮೇಲೆ ಒಮ್ಮೆ ನೋಡಿದ್ದ, ಎತ್ತನ್ನು ದಿನಾ ನೋಡಿದ್ದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂಬ ಗಾದೆ ಕೇಳಿದ್ದೆ. ಇಲ್ಲಿ ಅವರಪ್ಪ ಹತ್ತುವ ವಾಹನ ಬಂದು ಕುಳಿತಿತ್ತು.

ನನಗಾದ ಆನಂದವನ್ನು ಮುಚ್ಚಿಡುವುದಿಲ್ಲ. ಗೋಣಿತಟ್ಟನ್ನು ಮತ್ತೆ ಮುಚ್ಚಿ, ನೆಟ್ಟಗೆ ನೀಲವ್ವನ ಬಳಿ ಹೋದೆ. ಅವಳಿಗೆ ಹೇಳಿದ ಮಾತು ಡಂಗುರದವನಿಗೆ ಹೇಳಿದ್ದಕ್ಕಿಂತ ಬೇಗ ಇಂಡಿ ಊರು ಸುತ್ತುತ್ತದೆಂದು ಎಲ್ಲರಿಗೂ ಗೊತ್ತಿತ್ತು. ನಿನ್ನ ಗುರುಲಿಂಗ ಸಿಂಹ ಮಾಡ್ತೇನಂತ ಹೋಗಿ ಎತ್ತು ಮಾಡ್ಯಾನ, ಹೋಗಿ ನೋಡು ಎಂದೆ. ಅವಳು ನಗಬೇಕು, ಊರು ನಗಬೇಕು, ದೇಸಾಯಿ ಮಾಸ್ತರು ತಲೆ ಮೇಲೆ ಕೈ ಹೊತ್ತು ಕೂಡಬೇಕು, ಇಷ್ಟೇ ನನ್ನ ಆಸೆ. ನೀಲವ್ವ ಹಿಟ್ಟಿನ ಕೈಯಲ್ಲೇ ಬಂದಳು. ತಟ್ಟು ಸರಿಸಿದಳು. ಮುಖ್ಯಾಧ್ಯಾಪಕರ ನೂಲಿನ ಹಾರವನ್ನು ಆಗಲೇ ಕೊಳವೆಯ ಕೊರಳಿಗೆ ಹಾಕಿಯಾಗಿತ್ತು, ಪೂಜೆಗೆ ಸಿಂಗರಿಸಿದ ಎತ್ತಿನ ಹಾಗೆಯೇ ಕಾಣುತ್ತಿತ್ತು. ಅವಳು ಒಂದು ಗಳಿಗೆ ನೋಡಿ, ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಹಿಟ್ಟಿನ ಕೈ ಒರೆಸಿ ಜೋಡಿಸಿದಳು. "ನಮ್ಮಪ್ಪ ಬಸವಣ್ಣ ಮೇವು ತಿನ್ನಾಕತ್ತಾನ" ಎಂದಳು. ನಗುವಿನ ಸುಳಿವೂ ಇರಲಿಲ್ಲ. ಓಡಿಹೋಗಿ ಕುಂಕುಮ, ಅರಿಸಿನದ ಭಂಡಾರ ತಂದಳು.

ಸಂಜೆಯ ಹೊತ್ತಿಗೆ ಸುದ್ದಿ ಊರು ಮುಟ್ಟಿತು. ಹೆಂಗಸರು ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ಬಂದರು. ಬಾಗೇವಾಡಿ ಕಡೆಯ ಹುಡುಗನ ಕೈಯಲ್ಲಿ ಬಸವಣ್ಣ ತಾನೇ ಮೂಡಿದನೆಂದು ಮಾತಾಯಿತು. ಬಸವಣ್ಣ ಹುಟ್ಟಿದ ನೆಲದವನಲ್ಲವೇ, ಸಿಂಹ ಹೇಗೆ ಬಂದೀತು ಎಂದು ಒಬ್ಬರಿಗೊಬ್ಬರು ಒಪ್ಪಿಸಿಕೊಂಡರು. ಗುರುಲಿಂಗ ಕಂಬಕ್ಕೆ ಒರಗಿ ಅಳು ಬಂದವನಂತೆ ನಿಂತಿದ್ದ. "ನಾ ಸಿಂಹಾನ ಮಾಡಿದ್ನಿರೀ ಸರ. ಕೈ ಅದರ ಪಾಡಿಗೆ ಎತ್ತು ಮಾಡೈತಿ" ಎಂದು ದೇಸಾಯಿ ಮಾಸ್ತರಿಗೆ ಹೇಳಿದ. ಒಡೆದು ಬೇರೆ ಮಾಡಲು ವೇಳೆಯೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಕುಂಕುಮ ಬಿದ್ದ ಮೇಲೆ ಅದು ನಮ್ಮ ಕೈಯಲ್ಲಿಲ್ಲ ಎಂದು ಮಾಸ್ತರು ಕೈಚೆಲ್ಲಿದರು. ನಾನು ಬೆಳಗ್ಗೆ ಒಬ್ಬ ಕಲೆಗಾರನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ, ಸಂಜೆಗೆ ಒಬ್ಬ ಶರಣನ ಮೇಲೆ ಪಡಬೇಕಾಯಿತು. ಮುದುಕಿಯೊಬ್ಬಳು ಅವನ ಕೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನನ್ನ ಕೈಗೆ ಒಡೆದ ಕಾಯಿಯ ಚಿಪ್ಪು ಕೊಟ್ಟು, ಬದಿಗೆ ಚೆಲ್ಲಿ ಬಾ ತಮ್ಮಾ ಎಂದಳು.

ಆಮೇಲೆ ಮೈಬೂಬ ನನ್ನ ಬಳಿ ಬಂದು ಕುಳಿತು, ನಾಳೆ ಸಾಹೇಬರು ಇದು ತೋಪಲ್ಲ ಎಂದುಬಿಟ್ಟರೆ ಮೊದಲ ನಂಬರು ಬಾವಿಯ ಮಾದರಿ ಮಾಡಿದ ಗುಂಪಿಗೆ ಹೋಗುತ್ತದೆ, ಅವರೇ ಫೋಟೋದಲ್ಲಿ ನಿಲ್ಲುತ್ತಾರೆ, ನಾನು ಈ ಗುಂಡು ಹೊತ್ತದ್ದೇ ಬಂತು ಎಂದ. ಆಗ ನನ್ನ ತಲೆಗೆ ಹೊಳೆಯಿತು. ನಗಿಸಲು ಹೋಗಿ ನನ್ನ ಬಾಗಿಲ ಮೇಲಿನ ಮೊಳೆಯನ್ನೇ ಕಿತ್ತುಕೊಂಡಿದ್ದೆ. ಗುರುಲಿಂಗ ಸೋತರೆ ನಾನೂ ಸೋತಂತೆ. ಅವನು ಗೆದ್ದರೆ ಮಾತ್ರ ನನಗೆ ಫೋಟೋ. ಹೊಟ್ಟೆಕಿಚ್ಚಿನವನಿಗೆ ದೇವರು ಇದಕ್ಕಿಂತ ದೊಡ್ಡ ಶಿಕ್ಷೆ ಕೊಡಲಾರ.

ಮರುದಿನ ಸಾಹೇಬರು ಬಂದರು. ತೋಪಿನ ಸುತ್ತ ಹೆಂಗಸರು ತುಂಬಿದ್ದನ್ನು ಕಂಡು ಮೊದಲು ಬೂಟು ಬಿಚ್ಚಿದರು, ಆಮೇಲೆ ಇದೇನೆಂದು ಕೇಳಿದರು. ನಾನು ಕೋಲು ಹಿಡಿದು ಚೀನಾದಿಂದ ಹೊರಟೆ. ಅಹ್ಮದನಗರ ದಾಟಿ ವಿಜಾಪುರ ಮುಟ್ಟಿ, ಇದರ ಬಾಯಿ ಸಿಂಹದ ಬಾಯಿ ಎಂದು ಕೋಲು ತೋರಿಸುವಷ್ಟರಲ್ಲಿ ನಿನ್ನೆಯ ಮುದುಕಿ, ಸಿಂಹ ಅಂತೀಯಲ್ಲೋ, ನಿನಗ ಕಣ್ಣು ಕಾಣಂಗಿಲ್ಲೇನು ಎಂದು ನನ್ನ ಇತಿಹಾಸವನ್ನು ಅಲ್ಲಿಗೇ ನಿಲ್ಲಿಸಿದಳು. ಸಾಹೇಬರು ಬಗ್ಗಿ ನೋಡಿದರು. ಅವರ ಹುಬ್ಬು ಏರಿತು. ಮೂಲದ ತೋಪಿಗೆ ಸಿಂಹ ಐತಿ, ಇಲ್ಲಿ ಎತ್ತು ಯಾಕ ಬಂತು ಎಂದು ಕೇಳಿದರು. ದೇಸಾಯಿ ಮಾಸ್ತರು ಕೆಮ್ಮಿದರು. ಬಾವಿಯ ಗುಂಪಿನವರು ಒಬ್ಬರನ್ನೊಬ್ಬರು ತಿವಿಯುವುದು ನನಗೆ ಕಂಡಿತು.

ಯಾವ ಎತ್ತನ್ನು ನಾನು ಹೊಟ್ಟೆಯುರಿಗೆ ನನ್ನ ಇತಿಹಾಸದಿಂದ ಹೊರಗೆ ಹಾಕಿದ್ದೆನೋ ಅದನ್ನೇ ಕೈ ಹಿಡಿದು ಒಳಗೆ ಕರೆಯಬೇಕಾಯಿತು. "ಸಾಹೇಬ್ರ, ಅಹ್ಮದನಗರದಿಂದ ಈ ತೋಪು ಎಳಕೊಂಡು ಬಂದಾವು ಎತ್ತು. ಸಿಂಹ ಒಂದ ಹೆಜ್ಜಿನೂ ಎಳದಿಲ್ಲ. ಹಾರಿಸಿದವರ ಹೆಸರು ಉಳೀತು, ಎಳದವುಗಳ ಮಾರಿ ಎಲ್ಲೂ ಉಳೀಲಿಲ್ಲ. ಅದಕ್ಕ ನಾವು ಎಳದವರ ಮಾರಿ ಇಟ್ಟೇವಿ" ಎಂದೆ. ಇಷ್ಟು ಮಾತು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಮುಖ್ಯಾಧ್ಯಾಪಕರ ಕಣ್ಣು ತುಂಬಿ ಬಂತು. ಶ್ರಮಕ್ಕೆ ಗೌರವ ಎಂದು ನೂಲಿನ ಹಾರವನ್ನು ಸರಿಮಾಡಿದರು. ಹೆಂಗಸರು ತಲೆದೂಗಿದರು. ಸಾಹೇಬರು ಮುಂದೆ ಹೋಗಿ, ನನ್ನನ್ನು ದಾಟಿಕೊಂಡು, ಗುರುಲಿಂಗನ ಬೆನ್ನು ತಟ್ಟಿದರು. "ಭೇಷ್. ಎಷ್ಟು ವಿಚಾರ ಮಾಡಿ ಮಾಡೀಯಪ್ಪಾ" ಎಂದರು. ಮೊದಲ ನಂಬರು ನಮಗೇ ಬಂತು. ನನ್ನ ವಿಚಾರದ ಶಾಬಾಸ್ಕಿ ಅವನ ಬೆನ್ನಿಗೆ ಸಿಕ್ಕಿತಲ್ಲ ಎಂದು ನಾನು ಕೋಲನ್ನು ಎರಡು ತುಂಡು ಮಾಡಿ ಒಗೆದೆ.

ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಮಾಡಿದವರು ಬಂದು ಕೈ ಇಡ್ರಿ ಎಂದು ಕೂಗಿದ. ಎಲ್ಲರೂ ಗುರುಲಿಂಗನನ್ನು ಮುಂದೆ ನೂಕಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದ. "ಮಂದಿ ಕೈ ಮುಗದಾರ, ಕುಂಕುಮ ಹಚ್ಯಾರ. ಅದರ ಮ್ಯಾಲೆ ನಾ ಹೆಂಗ ಕೈ ಇಡ್ಲಿ? ಶಿವಪುತ್ರಣ್ಣ, ನೀ ಇಡು" ಎಂದು ಹೇಳಿ ಮೂಲೆಗೆ ಹೋಗಿ ಕೈ ಮುಗಿದು ನಿಂತ. ಚನಮಲ್ಲ ಬರುವಂತಿರಲಿಲ್ಲ, ಜನರ ನೂಕಾಟಕ್ಕೆ ಗಾಲಿಯ ಕೀಲು ಸಡಿಲಾಗಿ, ತೋಪು ಉರುಳದಂತೆ ಅವನು ಗಾಡಿಯ ಕೆಳಗೆ ಮಲಗಿ ಹಿಡಿದುಕೊಂಡಿದ್ದ. ಮೈಬೂಬ ತನ್ನ ಗುಂಡನ್ನು ಕೆಳಗಿಟ್ಟರೆ ಯಾರಾದರೂ ಒಯ್ದಾರೆಂದು ಎದೆಗೆ ಅವಚಿಕೊಂಡಿದ್ದ, ಅವನಿಗೆ ಖಾಲಿ ಕೈಯೇ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ. ನಾನು ಮುಂದೆ ಹೋದೆ. ಎರಡು ಕೋಡಿನ ನಡುವೆ ಕೈ ಇಟ್ಟೆ. ಎದೆ ಉಬ್ಬಿಸಿದೆ. ಅಲುಗಬ್ಯಾಡ್ರಿ ಎಂದ, ಅಲುಗಲಿಲ್ಲ. ಆ ಒಂದು ಗಳಿಗೆ ನನ್ನ ಹೊಟ್ಟೆಯಲ್ಲಿ ಒಲೆ ಆರಿತ್ತೆಂದು ಪ್ರಮಾಣ ಮಾಡಿ ಹೇಳುತ್ತೇನೆ.

ಫೋಟೋ ಕೈಗೆ ಬಂದ ಮೇಲೆ ನಾನೇ ಸಿಂದಗಿಯಲ್ಲಿ ಚೌಕಟ್ಟು ಹಾಕಿಸಿ, ಅಣ್ಣನದಕ್ಕಿಂತ ಎರಡು ಬೆರಳು ಅಗಲ ಇರಲಿ ಎಂದು ಹೇಳಿ, ಊರಿಗೆ ಒಯ್ದೆ. ಅಣ್ಣನೇ ಮಣೆಯ ಮೇಲೆ ನಿಂತು ಮೊಳೆ ಹೊಡೆದು ತೂಗುಹಾಕಿಕೊಟ್ಟ. ಅವನೂ ಆ ಗುರುಲಿಂಗನ ಜಾತಿಯವನೇ, ಹೊಟ್ಟೆಕಿಚ್ಚು ಅರ್ಥವಾಗದವನು. ಅಪ್ಪ ಹೊಲದಿಂದ ಬಂದ. ಬಾಗಿಲಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಈ ಫೋಟೋ ನೋಡಿದ, ಆ ಫೋಟೋ ನೋಡಿದ, ಮತ್ತೆ ಈ ಫೋಟೋ ನೋಡಿದ. ಇದು ತೋಪು, ವಿಜಾಪುರದ ತೋಪು, ಯುದ್ಧದಾಗ ಹಾರಿಸೋದು ಎಂದು ನಾನು ಹೇಳುತ್ತಲೇ ಇದ್ದೆ. ಅಪ್ಪ ತಲೆಯ ರುಮಾಲು ಬಿಚ್ಚಿ ಕೊಡವಿದ. "ಅಣ್ಣನ ಕಡೆ ಎರಡು ಅದಾವು. ನಿನ್ನ ಕಡೆ ಒಂದ ಐತಿ, ಅದೂ ಬರೇ ತಲಿ" ಎಂದು ಹೇಳಿ ಕೈಕಾಲು ತೊಳೆಯಲು ಹೋದ.

ಅವ್ವ ಆಮೇಲೆ ಬಂದಳು, ಕುಂಕುಮದ ಬಟ್ಟಲು ಹಿಡಿದೇ ಬಂದಳು. ಅಣ್ಣನ ಎರಡೂ ಎತ್ತಿಗೆ ಹಚ್ಚಿದಳು, ಎಂದಿನಂತೆ ಅಣ್ಣನ ಹಣೆಗೆ ಒರೆಸಿದಳು. ಮಣೆ ಸರಿಸಿಕೊಂಡು ನನ್ನ ಎತ್ತಿಗೂ ಹಚ್ಚಿದಳು. ಬೆರಳಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ನಾನು ಕೆಳಗೆ ನಿಂತು ಕಾಯುತ್ತಿದ್ದೆ. ಅವಳು ಫೋಟೋದ ಮೂಲೆಗೆ ಕಣ್ಣು ಕಿರಿದು ಮಾಡಿ, ಇಲ್ಲಿ ಕೈ ಮುಗದು ನಿಂತಾನಲ್ಲ, ಇಂವ ಯಾರ ಮಗ, ಎಷ್ಟು ಚಂದ ನಿಂತಾನ ಎಂದು ಕೇಳುತ್ತ, ಆ ಉಳಿದ ಕುಂಕುಮವನ್ನು ಗುರುಲಿಂಗನ ಹಣೆಗೆ ಒರೆಸಿ ಕೆಳಗಿಳಿದಳು. ಎರಡೂ ಫೋಟೋ ಈಗ ನನ್ನ ಮನೆಯ ಗೋಡೆಯ ಮೇಲಿವೆ. ಹಬ್ಬಕ್ಕೆ ನನ್ನ ಹೆಂಡತಿ ಅವ್ವನ ಹಾಗೆಯೇ ಕುಂಕುಮ ಹಚ್ಚುತ್ತಾಳೆ, ಹಬ್ಬ ಮುಗಿದ ಮೇಲೆ ಗಾಜು ಒರೆಸುವ ಕೆಲಸ ನನ್ನದು. ಎತ್ತುಗಳನ್ನು ಒರೆಸುತ್ತೇನೆ, ಅಣ್ಣನನ್ನು ಒರೆಸುತ್ತೇನೆ, ಗುರುಲಿಂಗನನ್ನು ಸ್ವಲ್ಪ ಜೋರಾಗಿಯೇ ಒರೆಸುತ್ತೇನೆ. ನನ್ನ ಮುಖದ ಮೇಲೆ ಮಾತ್ರ ಒರೆಸಲು ಏನೂ ಇರುವುದಿಲ್ಲ.